ಮದುವೆಗೆ ಮುಂಚೆ ಇಳಿಸಬೇಕಾದ್ದು ಯಾರ ಬೊಜ್ಜು?

ಪ್ರಶ್ನೆ: ಡಾಕ್ಟ್ರೇ, ನನಗೆ 29 ವರ್ಷ. ಊರು ಹಾಸನ, ಕೆಲಸ ಬೆಂಗಳೂರಿನಲ್ಲಿ, ದಿನವಿಡೀ ಕಂಪ್ಯೂಟರ್ ಮುಂದೆ. ಎತ್ತರ 175 ಸೆಂ.ಮೀ., ತೂಕ 66 ಕೆಜಿ. ನಿಶ್ಚಿತಾರ್ಥ ಆಗಿದೆ, ಮದುವೆಗೆ ಇನ್ನೆರಡು ತಿಂಗಳಿದೆ. ಹುಡುಗಿಗೆ 26 ವರ್ಷ, ಎತ್ತರ 156, ತೂಕ 62. ನಮ್ಮ ಕಡೆಯ ನೆಂಟರೊಬ್ಬರು 'ಹುಡುಗಿ ಸ್ವಲ್ಪ ದಪ್ಪ ಆಯ್ತು, ಜೋಡಿ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ' ಅಂದುಬಿಟ್ಟರು. ಅದು ಅವಳ ಕಿವಿಗೂ ಬಿತ್ತು. ಈಗ ರಾತ್ರಿ ಊಟ ಬಿಟ್ಟಿದ್ದಾಳೆ. 8 ಕೆಜಿ ಇಳಿಸಿಯೇ ಇಳಿಸುತ್ತೇನೆ ಅಂತ ಮುಹೂರ್ತದ ರವಿಕೆಯನ್ನು ಎರಡು ಇಂಚು ಚಿಕ್ಕ ಅಳತೆಗೆ ಹೊಲಿಯಲು ಕೊಟ್ಟಿದ್ದಾಳೆ. ಈ ನಡುವೆ ಇಬ್ಬರೂ ಸುಮ್ನೆ ಒಂದು ಚೆಕಪ್ ಮಾಡಿಸಿದೆವು. ಅವಳದ್ದು ಎಲ್ಲಾ ನಾರ್ಮಲ್. ನನ್ನದರಲ್ಲಿ ಎಚ್‌ಬಿಎ1ಸಿ 6.0, ಟ್ರೈಗ್ಲಿಸರೈಡ್ 210, ಲಿವರ್‌ನಲ್ಲಿ ಸ್ವಲ್ಪ ಕೊಬ್ಬು ಅಂತ ಬಂದಿದೆ. ಹೊಟ್ಟೆಯ ಸುತ್ತಳತೆ ನನ್ನದು 93 ಸೆಂ.ಮೀ., ಅವಳದು 76. ಚಿಕ್ಕಂದಿನಿಂದ ನನ್ನನ್ನು ಎಲ್ಲರೂ ಸಣಕಲ ಅಂತಲೇ ಕರೆದಿದ್ದಾರೆ. ಹಾಗಾದರೆ ನಮ್ಮಿಬ್ಬರಲ್ಲಿ ದಪ್ಪ ಯಾರು? ಆರೋಗ್ಯದ ತೂಕ ಯಾವುದು, ಚೆಂದದ ತೂಕ ಯಾವುದು?

ಉತ್ತರ: ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಊಟ ಬಿಟ್ಟಿರುವುದು ರಿಪೋರ್ಟ್ ಚೆನ್ನಾಗಿರುವವರು. ರಿಪೋರ್ಟ್ ಕೆಟ್ಟಿರುವವರಿಗೆ ಮನೆಯಲ್ಲಿ ಇನ್ನೂ 'ಸೊರಗಿದ್ದೀಯ ಕಣೋ, ಇನ್ನೊಂದು ಒಬ್ಬಟ್ಟು ಹಾಕಿಸ್ಕೋ' ಅಂತ ಬಡಿಸುತ್ತಿರಬಹುದು. ಹೌದು ತಾನೆ?

ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ) 5.7ರಿಂದ 6.4ರೊಳಗೆ ಇದ್ದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, 150ರ ಕೆಳಗಿರಬೇಕು. ನಿಮ್ಮದು ಎರಡೂ ಗೆರೆ ದಾಟಿವೆ. ಹೆದರುವ ಹಂತ ಅಲ್ಲ, ಆದರೆ ಈಗಲೇ ಎಚ್ಚೆತ್ತುಕೊಳ್ಳಬೇಕಾದ ಹಂತ.

ತೂಕದ ಲೆಕ್ಕ ಎಲ್ಲಿ ಎಡವುತ್ತದೆ ನೋಡೋಣ. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದೇ ಬಿಎಂಐ. ನಿಮ್ಮದು 21.6, ಅವರದು 25.5. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 18.5ರಿಂದ 25ರ ಒಳಗೆ ಸರಿ, 25ರಿಂದ ಮೇಲೆ ಜಾಸ್ತಿ, 30 ಮುಟ್ಟಿದರೆ ಬೊಜ್ಜು. ನಮ್ಮ ದೇಶದ ತಜ್ಞರು 2009ರಲ್ಲಿ ಈ ಗೆರೆಗಳನ್ನು ಕೆಳಗಿಳಿಸಿದರು: 23ಕ್ಕೇ ಜಾಸ್ತಿ, 25ಕ್ಕೇ ಬೊಜ್ಜು. ಈ ಎರಡು ಪಟ್ಟಿಗಳಲ್ಲಿ ಯಾವುದನ್ನು ಹಿಡಿದರೂ ನೀವು ಪಾಸು, ಅವರು ಫೇಲು. ರಕ್ತದ ರಿಪೋರ್ಟ್ ಹೇಳುವುದು ತದ್ವಿರುದ್ಧ.

ಈ ಸೂತ್ರ ಹುಟ್ಟಿದ್ದು ಡಾಕ್ಟರ ಕೋಣೆಯಲ್ಲಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ ಎಂಬ ಖಗೋಳ ವಿಜ್ಞಾನಿ ಇದನ್ನು ಹುಡುಕಿದರು. ಅವರಿಗೆ ಸಂಖ್ಯೆಗಳ ಹುಚ್ಚು. 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಅಂತ ಸಾವಿರಾರು ಜನರ ಅಳತೆ ಹಾಕಿ ನೋಡುತ್ತಿದ್ದರು. ಯಾರಿಗೆ ಕಾಯಿಲೆ ಬರುತ್ತದೆ ಅನ್ನುವುದು ಅವರ ಪ್ರಶ್ನೆಯೇ ಆಗಿರಲಿಲ್ಲ. ಬಿಎಂಐ ಅನ್ನುವ ಹೆಸರನ್ನು ಕೊಟ್ಟವರು ಅಮೆರಿಕದ ಆನ್ಸೆಲ್ ಕೀಸ್, ಅದೂ 1972ರಲ್ಲಿ. ಒಂದು ಜಿಲ್ಲೆಯ ಜನರ ಅಂದಾಜಿಗೆ ಇದು ಒಳ್ಳೆಯ ಅಳತೆ. ಒಬ್ಬ ಮನುಷ್ಯನ ಮೈಯಲ್ಲಿ ಎಷ್ಟು ಸ್ನಾಯು, ಎಷ್ಟು ಕೊಬ್ಬು, ಆ ಕೊಬ್ಬು ಎಲ್ಲಿ ಕೂತಿದೆ ಅನ್ನುವುದು ಮಾತ್ರ ಇದಕ್ಕೆ ಗೊತ್ತಾಗುವುದಿಲ್ಲ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ಇದೆ. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಬ್ಬರು ಡಾಕ್ಟರು ತಮ್ಮದೇ ಫೋಟೋ ಅಕ್ಕಪಕ್ಕ ಹಾಕಿಸಿಕೊಂಡರು. ಒಬ್ಬರು ಪುಣೆಯ ಡಾ. ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಯಡ್ಕಿನ್. ಇಬ್ಬರದೂ ಬಿಎಂಐ 22.3. ಚೂರೂ ಹೆಚ್ಚುಕಮ್ಮಿ ಇಲ್ಲ. ಸ್ಕ್ಯಾನ್ ಮಾಡಿ ನೋಡಿದರೆ ಲಂಡನ್ನಿನವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಪುಣೆಯವರ ಮೈಯಲ್ಲಿ 21.2. ಹೆಚ್ಚುಕಮ್ಮಿ ಎರಡೂಕಾಲು ಪಟ್ಟು! ಇಬ್ಬರ ಹೆಸರೂ ಇಂಗ್ಲಿಷಿನ 'ವೈ' ಅಕ್ಷರದಿಂದ ಶುರುವಾಗುವುದರಿಂದ ಇದನ್ನು ವೈದ್ಯರು 'ವೈ-ವೈ ವಿರೋಧಾಭಾಸ' ಅನ್ನುತ್ತಾರೆ. ನೀವು ಆ ಪುಣೆಯ ಫೋಟೋದ ಪೈಕಿ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಹಳ್ಳಿ ಕಡೆ 'ಹೊಟ್ಟೆ ಒಂದು ಬಿಟ್ಟರೆ ಮೈಮೇಲೆ ಏನೂ ಇಲ್ಲ' ಅಂತ ಆಡಿಕೊಳ್ಳುತ್ತಾರಲ್ಲ, ಅದೇ.

ನಮ್ಮವರಲ್ಲಿ ಯಾಕೆ ಹೀಗೆ? ಒಂದು ಕಾರಣ ತಾಯಿಯ ಗರ್ಭದಿಂದಲೇ ಶುರುವಾಗುತ್ತದೆ. ಯಾಜ್ಞಿಕ್ ತಂಡದವರು ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಕೂಸುಗಳನ್ನು ಅಳೆದಾಗ ಹುಟ್ಟುವ ತೂಕ ಸರಾಸರಿ 2.7 ಕೆಜಿ ಆಸುಪಾಸು ಇತ್ತು. ಇಂಗ್ಲೆಂಡಿನ ಕೂಸುಗಳದ್ದು 3.5 ಕೆಜಿ. ಆದರೆ ನಮ್ಮ ಕೂಸುಗಳಲ್ಲಿ ಕಡಿಮೆಯಾಗಿದ್ದದ್ದು ಸ್ನಾಯು. ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ. ನೋಡಲು ಬಡಕಲು, ಒಳಗೆ ಕೊಬ್ಬು.

ಇದಕ್ಕೆ ನಮ್ಮ ಮೈಸೂರಿನ ಸಾಕ್ಷಿಯೂ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಂದರೆ ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಬಂದಿತ್ತು. ಆ ಪುಸ್ತಕ ಹಿಡಿದುಕೊಂಡು ಸಂಶೋಧಕರು 1990ರ ದಶಕದಲ್ಲಿ ಅದೇ ಮಕ್ಕಳನ್ನು ಹುಡುಕಿಕೊಂಡು ಹೋದರು. ಅಷ್ಟು ಹೊತ್ತಿಗೆ ಅವರೆಲ್ಲ ನಡುವಯಸ್ಸು ಮುಟ್ಟಿದ್ದರು. ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಹೃದಯದ ಕಾಯಿಲೆ ಇತ್ತು. ಚೆನ್ನಾಗಿ ತೂಗಿ ಹುಟ್ಟಿದವರಲ್ಲಿ ಅದು ನೂರಕ್ಕೆ 3. ಯಾರೋ ನರ್ಸಮ್ಮನವರು ಶ್ರದ್ಧೆಯಿಂದ ಬರೆದಿಟ್ಟ ಅಂಕಿಗಳು ಅರವತ್ತು ವರ್ಷದ ನಂತರ ಇಷ್ಟು ದೊಡ್ಡ ಮಾತು ಹೇಳಿದವು. ನಿಮ್ಮ ತಾಯಿಯನ್ನು ಕೇಳಿ ನೋಡಿ, ನೀವು ಹುಟ್ಟಿದಾಗ ಎಷ್ಟು ಇದ್ದಿರಿ ಅಂತ.

ಇನ್ನು ಕೊಬ್ಬು ಎಲ್ಲಿ ಕೂತಿದೆ ಅನ್ನುವ ವಿಷಯ. ಚರ್ಮದ ಕೆಳಗಿನ ಕೊಬ್ಬನ್ನು, ಅದರಲ್ಲೂ ತೊಡೆ, ನಿತಂಬದ ಕೊಬ್ಬನ್ನು, ಮನೆಯ ಕಣಜ ಅಂದುಕೊಳ್ಳಿ. ಹೆಚ್ಚಾದ ಕಾಳು ಅಲ್ಲಿ ಹೋಗಿ ತಣ್ಣಗೆ ಕೂತಿರುತ್ತದೆ, ಯಾರಿಗೂ ತೊಂದರೆ ಇಲ್ಲ. ಕಣಜ ಚಿಕ್ಕದಾಗಿದ್ದರೆ? ಮೂಟೆಗಳು ಪಡಸಾಲೆಗೆ ಬರುತ್ತವೆ, ಆಮೇಲೆ ಅಡುಗೆಮನೆಗೆ. ಓಡಾಡಲು ಜಾಗ ಇಲ್ಲ, ಇಲಿ ಕಾಟ ಬೇರೆ. ನಮ್ಮವರ ಕಣಜ ಚಿಕ್ಕದು. ಹಾಗಾಗಿ ಕೊಬ್ಬು ಬೇಗ ಉಕ್ಕಿ ಹೊಟ್ಟೆಯೊಳಗೆ ಕರುಳಿನ ಸುತ್ತ, ಲಿವರಿನಲ್ಲಿ, ಸ್ನಾಯುವಿನಲ್ಲಿ ಸೇರುತ್ತದೆ. ಕರುಳಿನ ಸುತ್ತಲಿನ ಕೊಬ್ಬು ಕರಗಿದರೆ ನೇರ ಲಿವರಿಗೇ ಹರಿಯುತ್ತದೆ. ಆಗ ಇನ್ಸುಲಿನ್ ಮಾತು ಲಿವರ್ ಕೇಳುವುದಿಲ್ಲ, ಸಕ್ಕರೆ ಏರುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ. ನಿಮ್ಮ ರಿಪೋರ್ಟಿನ ಮೂರೂ ಸಾಲು ಒಂದೇ ಕಥೆಯ ಮೂರು ಪುಟ. ನಿಮ್ಮ ಹುಡುಗಿಯ ಕೊಬ್ಬು ಬಹುಪಾಲು ಸೊಂಟದ ಕೆಳಗಿದೆ ಅನ್ನುವುದು 76ರ ಅಳತೆಯಿಂದಲೇ ಊಹಿಸಬಹುದು.

ಭಾರತೀಯರಿಗೆ ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು. ಇನ್ನೂ ಸುಲಭದ ಲೆಕ್ಕ ಬೇಕಾದರೆ, ಹೊಟ್ಟೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ನಿಮ್ಮ ಎತ್ತರದ ಅರ್ಧ 87.5. ನೀವು ಐದೂವರೆ ಸೆಂ.ಮೀ. ಮೀರಿದ್ದೀರಿ. ಅವರ ಅರ್ಧ 78. ಅವರು ಒಳಗೇ ಇದ್ದಾರೆ.

ಅಳೆಯುವಾಗ ಪ್ಯಾಂಟಿನ ಸೈಜ್ ನಂಬಬೇಡಿ. 'ಇಪ್ಪತ್ತು ವರ್ಷದಿಂದ ನಂದು 34 ಸೈಜೇ' ಅನ್ನುವ ಗಂಡಸರನ್ನು ದಿನಾ ನೋಡುತ್ತೇನೆ. ಸೈಜ್ ಬದಲಾಗಿಲ್ಲ, ನಿಜ. ಬೆಲ್ಟ್ ಕೆಳಗಿಳಿದಿದೆ, ಹೊಟ್ಟೆ ಅದರ ಮೇಲೆ ಕೂತಿದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ನಡುಮಧ್ಯೆ ಟೇಪ್ ಅಡ್ಡಡ್ಡಲಾಗಿ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ನೋಡಿ. ಹೊಟ್ಟೆ ಒಳಗೆಳೆದುಕೊಳ್ಳಬಾರದು. (ನಾನೂ ಮೊದಲ ಸಲ ಎಳೆದುಕೊಂಡಿದ್ದೆ.)

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿದ್ದ ಹೆಂಗಸರು ನೂರಕ್ಕೆ 24. ಅದೇ ಸಮೀಕ್ಷೆಯಲ್ಲಿ ಸೊಂಟ-ನಿತಂಬದ ಅಳತೆ ನೋಡಿದಾಗ ಅಪಾಯದ ಗೆರೆ ದಾಟಿದ್ದವರು ನೂರಕ್ಕೆ ಸುಮಾರು 57. ಗಂಡಸರಲ್ಲಿ 23ರ ಎದುರು 48. ತಕ್ಕಡಿಗೆ ಸಿಕ್ಕವರಿಗಿಂತ ಟೇಪಿಗೆ ಸಿಕ್ಕವರೇ ಎರಡು ಪಟ್ಟು.

ಕೊಬ್ಬೇ ಇಲ್ಲದ ಮೈ ಒಳ್ಳೆಯದು ಅಂತಲೂ ಅಂದುಕೊಳ್ಳಬೇಡಿ. ಗಂಡಸಿಗೆ ಬದುಕಲು ನೂರಕ್ಕೆ 3ರಷ್ಟಾದರೂ ಕೊಬ್ಬು ಬೇಕು, ಹೆಂಗಸಿಗೆ ಸುಮಾರು 12. ನರ, ಮೂಳೆಯ ಮಜ್ಜೆ, ಹಾರ್ಮೋನು ಎಲ್ಲಕ್ಕೂ ಕೊಬ್ಬು ಬೇಕು. ಅದಕ್ಕೇ ಆರೋಗ್ಯವಂತ ಹೆಂಗಸಿನ ಮೈಯಲ್ಲಿ ಗಂಡಸಿಗಿಂತ ಕೊಬ್ಬು ಜಾಸ್ತಿ ಇರುವುದು ದೋಷವಲ್ಲ, ಅದು ಅವಳ ಮೈಯ ಕಟ್ಟು. ಸಾಮಾನ್ಯವಾಗಿ ಗಂಡಸರಲ್ಲಿ 25, ಹೆಂಗಸರಲ್ಲಿ 30 ದಾಟಿದರೆ ಜಾಸ್ತಿ ಅನ್ನುತ್ತೇವೆ. 1994ರಲ್ಲಿ ಪತ್ತೆಯಾದ ಲೆಪ್ಟಿನ್ ಅನ್ನುವ ಹಾರ್ಮೋನನ್ನು ತಯಾರಿಸುವುದೇ ಕೊಬ್ಬು. ಕೊಬ್ಬು ತೀರಾ ಇಳಿದರೆ ಲೆಪ್ಟಿನ್ ಇಳಿಯುತ್ತದೆ, ಮಿದುಳು 'ಬರಗಾಲ ಬಂತು' ಅಂದುಕೊಂಡು ಮುಟ್ಟನ್ನೇ ನಿಲ್ಲಿಸುತ್ತದೆ. ಅಂದ ಹಾಗೆ, ಮನೆಯ ತೂಕದ ಯಂತ್ರ ತೋರಿಸುವ ಕೊಬ್ಬಿನ ಅಂಕಿಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಅದು ಕಾಲಿನಿಂದ ಸಣ್ಣ ವಿದ್ಯುತ್ ಹರಿಸಿ ಅಂದಾಜು ಮಾಡುತ್ತದೆ. ಎರಡು ಲೋಟ ನೀರು ಕುಡಿದರೂ ಅಂಕಿ ಬದಲಾಗಬಹುದು.

ಈಗ ಚೆಂದದ ವಿಷಯಕ್ಕೆ ಬರುತ್ತೇನೆ. ನಿಮ್ಮೂರ ಪಕ್ಕದಲ್ಲೇ ಬೇಲೂರಿದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯ ಶಿಲಾಬಾಲಿಕೆಯರನ್ನು ಒಮ್ಮೆ ಮತ್ತೆ ನೋಡಿಕೊಂಡು ಬನ್ನಿ, ಇಬ್ಬರೂ ಹೋಗಿ. ತುಂಬಿದ ತೋಳು, ತುಂಬಿದ ತೊಡೆ, ಮೆತ್ತಗಿನ ಹೊಟ್ಟೆ. ಇವತ್ತಿನ ಜಾಹೀರಾತಿನ ಹುಡುಗಿಯರ ಪಕ್ಕ ನಿಲ್ಲಿಸಿದರೆ ನಿಮ್ಮ ನೆಂಟರು ಅವರಿಗೂ ಡಯಟ್ ಹೇಳಿಯಾರು. ನಮ್ಮ ಅಜ್ಜಿಯರು 'ಮೈಕೈ ತುಂಬಿಕೊಂಡಿದ್ದಾಳೆ' ಅಂದರೆ ಅದು ಹೊಗಳಿಕೆ. ಸಣ್ಣಗಿದ್ದವಳನ್ನು 'ಒಣಕಲು ಕಡ್ಡಿ, ಬಾಣಂತನ ಹೇಗೆ ತಡೆದಾಳು' ಅನ್ನುತ್ತಿದ್ದರು. ಎರಡೇ ತಲೆಮಾರಿನಲ್ಲಿ ಹೊಗಳಿಕೆಯ ಮಾತು ಬೈಗುಳವಾಯಿತು.

ಕಣ್ಣು ಇಷ್ಟು ಬೇಗ ಬದಲಾಗುತ್ತದೆಯೇ? ಆಗುತ್ತದೆ. ಫಿಜಿ ದ್ವೀಪದ ನಾಡ್ರೋಗ ಎಂಬ ಕಡೆ 1995ರಲ್ಲಿ ಟೀವಿ ಬಂತು. ಅಲ್ಲಿ ತುಂಬಿದ ಮೈಗೇ ಬೆಲೆ ಇತ್ತು, ಚೆನ್ನಾಗಿ ಉಣ್ಣಿಸುವುದೇ ಪ್ರೀತಿ. ಆನ್ ಬೆಕರ್ ಎಂಬ ಸಂಶೋಧಕಿ ಶಾಲೆಯ ಹುಡುಗಿಯರನ್ನು ಟೀವಿ ಬಂದ ಹೊಸತರಲ್ಲಿ ಒಮ್ಮೆ, ಮೂರು ವರ್ಷದ ನಂತರ ಒಮ್ಮೆ ಪರೀಕ್ಷಿಸಿದರು. ಊಟದ ಬಗ್ಗೆ ಚಿಂತೆ ಹುಟ್ಟಿಸುವಷ್ಟು ಏರುಪೇರು ಇದ್ದವರು ಮೊದಲು ನೂರಕ್ಕೆ 12.7, ಆಮೇಲೆ 29.2. ಮೂರೇ ವರ್ಷ! ಇನ್ನೊಂದು ಅಧ್ಯಯನದಲ್ಲಿ ದಕ್ಷಿಣ ಆಫ್ರಿಕಾದ ಜುಲು ಜನ ತುಂಬಿದ ಮೈಯನ್ನೇ ಚೆಂದ ಅಂದರು. ಇಂಗ್ಲೆಂಡಿಗೆ ಬಂದು ನೆಲೆಸಿದ ಜುಲುಗಳ ಆಯ್ಕೆ ಮಾತ್ರ ಸಣ್ಣ ಮೈಯ ಕಡೆ ಸರಿದಿತ್ತು. ನನಗೆ ಇನ್ನೂ ಮಜಾ ಅನ್ನಿಸಿದ್ದು 2006ರ ಇನ್ನೊಂದು ಪ್ರಯೋಗ. ಕ್ಯಾಂಟೀನಿಗೆ ಊಟಕ್ಕೆ ಹೋಗುತ್ತಿದ್ದ ಹುಡುಗರಿಗೂ ಉಂಡು ಹೊರಬರುತ್ತಿದ್ದ ಹುಡುಗರಿಗೂ ಅವೇ ಫೋಟೋಗಳನ್ನು ತೋರಿಸಿದರು. ಹಸಿದವರಿಗೆ ದಪ್ಪಗಿನ ಹೆಂಗಸರು ಹೆಚ್ಚು ಚೆಂದ ಕಂಡರು. ಮದುವೆ ಫೋಟೋ ಹೇಗಿದೆ ಅಂತ ನೆಂಟರನ್ನು ಕೇಳುವುದಿದ್ದರೆ ಊಟದ ಪಂಕ್ತಿಗೆ ಮುಂಚೆ ಕೇಳಿ.

ಇದಕ್ಕಿಂತ ನಿಮಗೆ ಬೇಕಾದ ವಿಷಯ ಒಂದಿದೆ. ಎದುರಿನವರಿಗೆ ಏನು ಇಷ್ಟ ಅಂತ ನಾವು ಊಹಿಸುವುದೇ ತಪ್ಪಿರುತ್ತದೆ. 1985ರಲ್ಲಿ ಅಮೆರಿಕದ ಫಾಲನ್ ಮತ್ತು ರೋಜಿನ್ ಅವರು ಕಾಲೇಜು ಹುಡುಗ ಹುಡುಗಿಯರಿಗೆ ಸಣ್ಣದರಿಂದ ದಪ್ಪದವರೆಗಿನ ಮೈಚಿತ್ರಗಳ ಸಾಲು ತೋರಿಸಿದರು. ಹುಡುಗರಿಗೆ ಇಂಥ ಮೈ ಇಷ್ಟ ಅಂತ ಹುಡುಗಿಯರು ಆರಿಸಿದ ಚಿತ್ರ, ಹುಡುಗರು ನಿಜವಾಗಿ ಆರಿಸಿದ್ದಕ್ಕಿಂತ ಸಣ್ಣದಿತ್ತು. ಹುಡುಗರದ್ದೂ ಇದೇ ಕಥೆ. 2000ನೇ ಇಸವಿಯಲ್ಲಿ ಅಮೆರಿಕ, ಫ್ರಾನ್ಸ್, ಆಸ್ಟ್ರಿಯಾಗಳ ಯುವಕರನ್ನು ಕೇಳಿದಾಗ, ತಮಗೆ ಈಗಿರುವುದಕ್ಕಿಂತ 14 ಕೆಜಿಯಷ್ಟು ಹೆಚ್ಚು ಸ್ನಾಯು ಇದ್ದರೆ ಹೆಂಗಸರಿಗೆ ಇಷ್ಟ ಅಂದುಕೊಂಡಿದ್ದರು. ಹೆಂಗಸರು ಆರಿಸಿದ್ದು ಸಾಮಾನ್ಯ ಗಂಡಸಿನ ಮೈಯನ್ನು. ನೀವು ಪತ್ರದಲ್ಲಿ ನೆಂಟರ ಮಾತು ಬರೆದಿದ್ದೀರಿ, ಹುಡುಗಿಯ ಹಟ ಬರೆದಿದ್ದೀರಿ. ನಿಮ್ಮ ಕಣ್ಣಿಗೆ ಅವರು ಹೇಗೆ ಕಾಣುತ್ತಾರೆ ಅಂತ ಒಂದು ಸಾಲೂ ಇಲ್ಲ. ಅದನ್ನು ನನಗೆ ಬರೆಯುವುದು ಬೇಡ, ಅವರಿಗೆ ಹೇಳಿದ್ದೀರಾ?

ಎರಡು ತಿಂಗಳಲ್ಲಿ 8 ಕೆಜಿಯ ಲೆಕ್ಕ ಹಾಕೋಣ. ಒಂದು ಕೆಜಿ ಮೈಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಎಂಟಕ್ಕೆ 61,600. ಅರವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಸಾವಿರದಷ್ಟು ಕಡಿತ. ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ ಬೇಕಾದ್ದೇ ಸುಮಾರು 1,660. ಉಳಿಯುವುದು ಆರುನೂರು ಚಿಲ್ಲರೆ. ಬಿಎಂಐಗೆ ಹೆಸರಿಟ್ಟ ಆನ್ಸೆಲ್ ಕೀಸ್ ಅವರೇ 1944–45ರಲ್ಲಿ 36 ಆರೋಗ್ಯವಂತ ಯುವಕರ ಮೇಲೆ ಅರೆಹೊಟ್ಟೆಯ ಪ್ರಯೋಗ ಮಾಡಿದ್ದರು. ಅವರಿಗೆ ಕೊಟ್ಟದ್ದು ದಿನಕ್ಕೆ ಸುಮಾರು 1,570 ಕ್ಯಾಲೊರಿ. ಆರು ತಿಂಗಳಲ್ಲಿ ಅವರಿಗೆ ಸಿಡುಕು, ಮಂಕು, ಚಳಿ ಹತ್ತಿತು. ಹಗಲು ರಾತ್ರಿ ಊಟದ್ದೇ ಯೋಚನೆ, ಕೆಲವರು ಅಡುಗೆ ಪುಸ್ತಕ ಸೇರಿಸಿಕೊಂಡು ಓದುತ್ತಾ ಕೂತರು. ನಿಮ್ಮ ಹುಡುಗಿ ಹಾಕಿಕೊಂಡಿರುವ ಲೆಕ್ಕ ಅದರ ಅರ್ಧಕ್ಕೂ ಕಡಿಮೆ.

ಇನ್ನೊಂದು ಸಂಗತಿ ಅವರಿಗೆ ಖಂಡಿತ ಹೇಳಿ, ಇದು ಕೆಲಸ ಮಾಡುತ್ತದೆ. ಹೀಗೆ ದಿಢೀರ್ ತೂಕ ಇಳಿಸಿದರೆ ಎರಡು ಮೂರು ತಿಂಗಳಾದ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ. ಲೆಕ್ಕ ಹಾಕಿ, ಸರಿಯಾಗಿ ಮುಹೂರ್ತದ ಹೊತ್ತಿಗೆ. ಪಿತ್ತಕೋಶದಲ್ಲಿ ಕಲ್ಲಾಗುವುದೂ ಉಂಟು. ಹೋಗುವುದರಲ್ಲಿ ಒಂದಷ್ಟು ಪಾಲು ಸ್ನಾಯು. ಮತ್ತೆ ಏರುವಾಗ ಬರುವುದು ಬಹುಪಾಲು ಕೊಬ್ಬು.

ಹಾಗಂತ ಅವರಿಗೆ ಏನೂ ಬೇಡ ಅನ್ನುವುದಿಲ್ಲ. 25.5 ನಮ್ಮ ಪಟ್ಟಿಯಲ್ಲಿ ಬೊಜ್ಜಿನ ಗೆರೆ ದಾಟಿದ್ದೇ. ಇವತ್ತು ರಿಪೋರ್ಟ್ ಚೆನ್ನಾಗಿದೆ ಅಂದರೆ ಹತ್ತು ವರ್ಷದ ನಂತರವೂ ಇರುತ್ತದೆ ಅಂತ ಬರೆದುಕೊಡಲಾರೆ. ಹೊಟ್ಟೆ 80ರ ಒಳಗೇ ಇರುವಂತೆ ನೋಡಿಕೊಳ್ಳಲಿ. ಮುಟ್ಟು ಏರುಪೇರಿದ್ದರೆ ಥೈರಾಯ್ಡ್, ಪಿಸಿಓಡಿ ಪರೀಕ್ಷೆ ಮಾಡಿಸಲಿ. ರಾತ್ರಿ ಊಟ ಇವತ್ತಿನಿಂದಲೇ ಶುರುವಾಗಲಿ. ವರ್ಷದಲ್ಲಿ ಎರಡು ಮೂರು ಕೆಜಿ ಇಳಿದರೆ ಇಳಿಯಲಿ, ಅವಸರ ಇಲ್ಲ.

ಅವಸರ ಇರುವುದು ನಿಮಗೆ. ನೀವು ಇಳಿಸಬೇಕಾದ್ದು ಹೊಟ್ಟೆ, ತೂಕ ಅಲ್ಲ. ಚೆನ್ನೈನ ಡಾ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿತು. ಏನೂ ಮಾಡದೆ ಇದ್ದವರಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ ತಿದ್ದಿಕೊಂಡು ನಡೆದಾಡಿದವರಲ್ಲಿ 39. ವಿಶೇಷ ಏನೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ.

ನಿಮಗೆ ಸ್ನಾಯು ಬೇಕು. ಊಟದ ಸಕ್ಕರೆಯನ್ನು ಜಾಸ್ತಿ ನುಂಗುವುದು ಸ್ನಾಯುವೇ. ವಾರಕ್ಕೆ ಎರಡು ಮೂರು ದಿನ ಬಸ್ಕಿ, ದಂಡ, ಸ್ವಲ್ಪ ಭಾರ ಎತ್ತುವುದು. ಗರಡಿಮನೆಯ ಹಳೇ ಪಟ್ಟುಗಳೇ ಸಾಕು, ಜಿಮ್ಮೇ ಆಗಬೇಕೆಂದಿಲ್ಲ. ಪ್ರತಿ ಊಟದ ನಂತರ ಹತ್ತು ನಿಮಿಷ ನಡಿಗೆ. ತಟ್ಟೆಯಲ್ಲಿ ಬದಲಾಗಬೇಕಾದ್ದು ಅನ್ನ ಮತ್ತು ಕಾಳಿನ ಪಾಲು. 'ಮುದ್ದೆ ಒಳ್ಳೇದು' ಅಂತ ಎರಡು ಮುದ್ದೆ ನುಂಗಿ ಮೇಲೆ ಅನ್ನ ಹಾಕಿಸಿಕೊಂಡರೆ ಲಾಭ ಇಲ್ಲ. ಒಂದೇ ಮುದ್ದೆ, ಸಾರಿನಲ್ಲಿ ನೀರಿಗಿಂತ ಕಾಳು ಜಾಸ್ತಿ: ಹುರುಳಿ, ಅವರೆ, ಮೊಳಕೆ ಹೆಸರು. ತಿನ್ನುವವರಾದರೆ ಮೊಟ್ಟೆ, ಮೀನು. ಸಂಜೆ ಟೀ ಜೊತೆಗಿನ ಬೇಕರಿ ತಿಂಡಿ ಬಿಡಿ. ಹೆಂಡ ಇದ್ದರೆ ಅದನ್ನೂ ಬಿಡಿ, ಲಿವರ್ ಈಗಾಗಲೇ ಮಾತಾಡುತ್ತಿದೆ.

ಒಂದು ಎಚ್ಚರಿಕೆ. ಸಣಕಲ ಅನ್ನುವ ಮಾತಿಗೆ ಬೇಸತ್ತು ದಪ್ಪ ಆಗುವ ಮಾತ್ರೆ, ಪುಡಿ ಏನಾದರೂ ತೆಗೆದುಕೊಂಡಿದ್ದರೆ ನಿಲ್ಲಿಸಿ, ನಿಮ್ಮ ಡಾಕ್ಟರಿಗೂ ತೋರಿಸಿ. ಅಂಥವುಗಳಲ್ಲಿ ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಮುಖ, ಹೊಟ್ಟೆ ಊದುತ್ತದೆ, ಸಕ್ಕರೆ ಏರುತ್ತದೆ. ತುಂಬಾ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ಬಿಡುವುದೂ ಅಪಾಯ, ಮೊದಲು ಡಾಕ್ಟರನ್ನು ಕೇಳಿ.

ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಮತ್ತೆ ಮಾಡಿಸಿ, ಟೇಪಿನ ಅಳತೆಯೊಂದಿಗೆ ಬರೆಯಿರಿ. ಅದಕ್ಕೂ ಮೊದಲು ಒಂದು ಫೋನ್ ಮಾಡಬೇಕು, ಟೈಲರ್‌ಗೆ. ಕತ್ತರಿ ಬಿದ್ದಿಲ್ಲ ಅಂದರೆ ಇವತ್ತಿನ ಅಳತೆಗೇ ಹೊಲಿಯಲಿ. ಬಿದ್ದಿದ್ದರೆ ಒಳಗೆ ಬಿಟ್ಟಿರುವ ಬಟ್ಟೆ ಬಿಚ್ಚಿದರೆ ಎರಡು ಇಂಚು ಸಿಗುತ್ತದಾ ಅಂತ ಕೇಳಿ. ಒಳ್ಳೆ ಟೈಲರ್‌ಗಳು ಮದುವೆ ರವಿಕೆಗೆ ಅಷ್ಟು ಬಿಟ್ಟೇ ಇರುತ್ತಾರೆ.